ಬಾರದ ಅಲೆಗೆ ಕಾದ ಚಿಪ್ಪುಗಳು

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಕ್ಕೆ ಗೊತ್ತಿರಲಿಲ್ಲ. ಎಲ್ಲಿ ನಿಲ್ಲಬೇಕೆಂದು ಕಡಲಿಗೆ ಗೊತ್ತಿರಲಿಲ್ಲ. ನಾನೂ ನೀನೂ ಈಗ ಕೂತಿರುವ ಈ ಕರಿಬಂಡೆ ಆಗ ಬಂಡೆಯಲ್ಲ ಮಗೂ, ನೀರಿನಡಿಯ ಮೆತ್ತನೆ ಕೆಸರು.

ಆ ಕೆಸರಿನಲ್ಲಿ ಕಪ್ಪೆಚಿಪ್ಪುಗಳ ಕೇರಿ ಇತ್ತು. ಪಕ್ಕದಲ್ಲೇ ಶಂಖದ ಹುಳುಗಳು. ಯಾರಿಗೂ ಈಜು ಬಾರದು. ನೀರನ್ನು ಸೋಸಿ ಚೊಕ್ಕ ಮಾಡುವುದು ಚಿಪ್ಪುಗಳ ಕೆಲಸ. ಅವರು ಸೋಸಿದ ನೀರಿನಲ್ಲಿ ದೊಡ್ಡವರೆಲ್ಲ ಮೈ ಮಿರುಗಿಸಿಕೊಂಡು ತಿರುಗುತ್ತಿದ್ದರು.

ಒಂದು ದಿನ ತೆಂಕಣ ಗಾಳಿ ಕೂಗುತ್ತಾ ಬಂತು. "ಕೇಳಿ, ಕೇಳಿ! ಕಡಲು ಪಡುವಣಕ್ಕೆ ಸರಿಯುತ್ತದೆ. ಎಲ್ಲರೂ ಹೊರಡಿ!"

ಯಾರನ್ನು ಕೇಳಿ ಈ ತೀರ್ಮಾನ? ಯಾರನ್ನೂ ಕೇಳಲಿಲ್ಲ. ಹೊರಡಿ ಎಂದು ಹೇಳುವವರಿಗೆ ಯಾವಾಗಲೂ ಈಜು ಬರುತ್ತದೆ.

ಮೀನುಗಳು ಹೊರಟವು. ಏಡಿಗಳು ಹೊರಟವು. ಚಿಪ್ಪುಗಳ ಪೈಕಿ ಎಲ್ಲರಿಗಿಂತ ಹಿರಿಯಳು ಚಿಪ್ಪಜ್ಜಿ. ಅವಳು ಕಡಲಿನ ಕಾರುಬಾರು ನೋಡುತ್ತಿದ್ದ ತಿಮಿಂಗಿಲವನ್ನು ತಡೆದು ಕೇಳಿದಳು. "ನಮಗೆ ಕಾಲಿಲ್ಲ, ರೆಕ್ಕೆಯಿಲ್ಲ. ನಾವು ಹ್ಯಾಂಗೆ ಹೋಗುವುದು ಮಾರಾಯ್ರೇ?"

"ಗಾಬರಿ ಎಂತಕ್ಕೆ?" ಎಂದಿತು ತಿಮಿಂಗಿಲ. "ಬಾಗಿಲು ಹಾಕಿಕೊಂಡು ಸಾಲಾಗಿ ಕೂತಿರಿ. ಕೊನೆಯ ಅಲೆ ನಿಮಗಾಗಿಯೇ ಬರ್ತದೆ. ಎಲ್ಲರನ್ನೂ ಎತ್ತಿಕೊಂಡು ಹೋಗ್ತದೆ."

ಅವರು ನಂಬಿದರು. ಸಾಲಾಗಿ ಕೂತರು. "ನಿನ್ನದೇ ಸುಖ ನೋಡು," ಎಂದಳು ಚಿಪ್ಪಜ್ಜಿ ಶಂಖದ ಹುಳುವಿಗೆ. "ಮನೆ ಹೊತ್ತುಕೊಂಡೇ ಹುಟ್ಟಿದವನು. ಗಂಟು ಕಟ್ಟುವ ಕೆಲಸವೇ ಇಲ್ಲ!" ಎಲ್ಲರೂ ನಕ್ಕರು.

ಒಂದು ಅಲೆ ಬಂತು. "ಇದಾ ಅಜ್ಜಿ?" ಎಂದವು ಮರಿಚಿಪ್ಪುಗಳು. "ಇದಲ್ಲ, ಇನ್ನೊಂದು."

ಇನ್ನೊಂದು ಬಂತು, ಮೊದಲಿನದಕ್ಕಿಂತ ಸಣ್ಣದು. "ಇದಾ ಅಜ್ಜಿ?" "ಇದಲ್ಲ, ಇನ್ನೊಂದು."

ಆಮೇಲೆ ಬರೀ ನೊರೆ ಬಂತು.  

ಅತ್ತ ಆಳದಲ್ಲಿ ಒಬ್ಬಳು ಬಂಗುಡೆ ಮೀನು ಇದ್ದಳು. ಮರಿಯಾಗಿದ್ದಾಗ ಒಮ್ಮೆ ಬಿರುಗಾಳಿ ಎದ್ದು, ಅವಳು ಚಿಪ್ಪಜ್ಜಿಯ ಮಗ್ಗುಲಲ್ಲಿ ಅಡಗಿ ಬದುಕಿದ್ದಳು. ಅವಳು ತಿಮಿಂಗಿಲವನ್ನು ಕೇಳಿದಳು. "ಆ ಕೊನೆಯ ಅಲೆ ಯಾವಾಗ ಹೊರಡ್ತದೆ?"

"ಯಾವ ಅಲೆ?" ತಿಮಿಂಗಿಲ ನಕ್ಕಿತು. "ಹಾಗೆ ಹೇಳದಿದ್ದರೆ ಅವರು ಬೊಬ್ಬೆ ಹಾಕ್ತಿದ್ದರು."

ಬಂಗುಡೆ ಗಕ್ಕನೆ ತಿರುಗಿದಳು. ಎಲ್ಲರೂ ಪಡುವಣಕ್ಕೆ, ಅವಳೊಬ್ಬಳೇ ಮೂಡಣಕ್ಕೆ. ನೀರು ಮೊಳದುದ್ದ ಇತ್ತು, ಆಮೇಲೆ ಗೇಣುದ್ದ. ಕೊನೆಗೆ ಹೊಟ್ಟೆ ಕೆಸರಿಗೆ ತಾಗುತ್ತಾ ಜಾರಿಕೊಂಡು ಬಂದಳು.

"ಅಜ್ಜಿ, ಅಲೆ ಬರೂದಿಲ್ಲ. ತಿಮಿಂಗಿಲ ಸುಳ್ಳು ಹೇಳಿದ್ದು."

"ಇದನ್ನು ಹೇಳೂಕೆ ಇಲ್ಲಿವರೆಗೆ ಬಂದ್ಯಾ, ಮಂಗ? ಹೋಗು, ಬೇಗ ವಾಪಸ್ ಹೋಗು!"

"ಹೋಗೂಕೆ ನೀರು ಎಲ್ಲುಂಟು ಅಜ್ಜಿ?"

ಬಾರದೇ ಇದ್ದಿದ್ದರೆ ಅವಳು ಬದುಕುತ್ತಿದ್ದಳಲ್ಲ ಅನ್ನುತ್ತೀಯಾ? ಹೌದು ಮಗೂ, ಬದುಕುತ್ತಿದ್ದಳು. ಗೊತ್ತಿದ್ದೇ ಬಂದಳು.

ಬಿಸಿಲು ಏರಿತು. ಆಗ ಬೆಟ್ಟದಿಂದ ಹೊಳೆ ಇಳಿದು ಬಂದಳು. "ಹೊಳೆತಾಯಿ, ನಮ್ಮನ್ನು ಕಡಲಿಗೆ ಮುಟ್ಟಿಸ್ತೀಯಾ?" ಎಂದಳು ಚಿಪ್ಪಜ್ಜಿ.

"ಇಷ್ಟು ಜನರನ್ನು ಹೊರುವ ಬಲ ನನಗಿಲ್ಲ ತಾಯಿ," ಎಂದಳು ಹೊಳೆ. "ನನ್ನ ಹತ್ತಿರ ಇರೂದು ಬರೀ ಮಣ್ಣು."

ಅಷ್ಟರಲ್ಲಿ ತೆಂಕಣ ಗಾಳಿ ತಲೆ ತಗ್ಗಿಸಿಕೊಂಡು ಮರಳಿ ಬಂತು. "ತಿಮಿಂಗಿಲ ಊರಿಗೆಲ್ಲ ಹೇಳ್ತಾ ಉಂಟು. ಈ ದಡದಲ್ಲಿ ಯಾರೂ ಇರಲೇ ಇಲ್ಲವಂತೆ. ಬರೀ ಕೆಸರಂತೆ."

ಅಲ್ಲಿಯವರೆಗೆ ಅಳದ ಚಿಪ್ಪಜ್ಜಿಗೆ ಈಗ ಸಿಟ್ಟು ಬಂತು. "ಸಾಯುವುದು ಸಾಯ್ತೇವೆ. ಇರಲೇ ಇಲ್ಲ ಅಂದರೆ ಹೇಗೆ? ನಮ್ಮ ಪೂರ್ತಿ ಕೇರಿಯೇ ಇತ್ತಲ್ಲ ಇಲ್ಲಿ! ಹೊಳೆತಾಯಿ, ಆ ಮಣ್ಣನ್ನೇ ಹೊದಿಸು. ಕೂತವರು ಕೂತಲ್ಲೇ ಇರ್ತೇವೆ. ಒಬ್ಬರೂ ಕದಲೂದಿಲ್ಲ."

ಬಂಗುಡೆ ಅಜ್ಜಿಯ ಮಗ್ಗುಲಿಗೆ ಸರಿದು ಮಲಗಿದಳು, ಮರಿಯಾಗಿದ್ದಾಗ ಮಲಗಿದ ಹಾಗೆಯೇ.

ಹೊಳೆ ನುಣ್ಣನೆ ಮಣ್ಣು ಹೊದಿಸಿದಳು. ಮಳೆಗಾಲಕ್ಕೊಂದು ಹೊದಿಕೆ. ಮತ್ತೊಂದು ಮಳೆಗಾಲ, ಮತ್ತೊಂದು ಹೊದಿಕೆ. ಅಡಿಯಲ್ಲಿದ್ದ ಕೆಸರು ಅವರನ್ನು ಬಿಗಿಯಾಗಿ ಅಪ್ಪಿಕೊಂಡಿತು. "ನಾನು ಮೆತ್ತಗಿದ್ದರೆ ನೀವು ಅಳಿಸಿ ಹೋಗ್ತೀರಿ," ಎಂದಿತು ಕೆಸರು. "ನಾನು ಕಲ್ಲಾಗ್ತೇನೆ." ನಿಧಾನವಾಗಿ, ಹಟ ಹಿಡಿದು, ಕಲ್ಲಾಯಿತು.

ಎಷ್ಟೋ ಕಾಲದ ಮೇಲೆ ಕಡಲಿಗೆ ಈ ದಡದ ನೆನಪಾಗಿ ಮರಳಿ ಬಂತು. ಅದು ಬರುವ ಹೊತ್ತಿಗೆ ಗಾಳಿ ಬಂಡೆಯ ಅಂಚನ್ನು ಒಳಗಿನವರು ಕಾಣುವ ಹಾಗೆ ಸವೆಸಿ ಇಟ್ಟಿತ್ತು. ಮೊದಲು ಹೊರಡಿ ಎಂದು ಸಾರಿದ ಬಾಯಿ ಅದರದೇ ಅಲ್ಲವೇ? ಕಡಲು ನೋಡಿತು. ಸಾಲಾಗಿ ಕೂತವರು ಸಾಲಾಗಿಯೇ ಇದ್ದರು. "ಬಂದೆ, ಬಾಗಿಲು ತೆಗೆಯಿರಿ," ಎಂದು ಬಡಿಯಿತು. ಯಾರೂ ತೆಗೆಯಲಿಲ್ಲ.

ಅದಕ್ಕೇ ಮಗೂ, ಇವತ್ತಿಗೂ ಅಲೆ ದಿನಾ ಬಂದು ಈ ಬಂಡೆಯನ್ನು ಬಡಿಯುತ್ತದೆ, ಕಲ್ಲಿನೊಳಗಿನ ಚಿಪ್ಪುಗಳು ಬಾಯಿ ಬಿಡುವುದಿಲ್ಲ. ಅವುಗಳ ನಡುವೆ, ಇಗೋ ನಿನ್ನ ಬೆರಳಿನ ಕೆಳಗೇ, ಕಡಲಿಗೆ ಬೆನ್ನು ಹಾಕಿ, ಬೆಟ್ಟದ ಕಡೆ ಮುಖ ಮಾಡಿ ಒಂದು ಬಂಗುಡೆ ಮಲಗಿದೆ.