ನಡುವಿನಿಂದ ಕೊಯ್ದ ಹುಲ್ಲು

"ಅಜ್ಜಾರೇ, ಸರಿಯಾದ ಮಾತನ್ನೇ ಹೇಳಿದರೂ ಮನುಷ್ಯ ಯಾಕೆ ಕೇಳುವುದಿಲ್ಲ?" ಎಂದು ನಿರುಪಾದಿ ತನ್ನ ಗುರುವನ್ನು ಕೇಳಿದ.

ಅವನ ಅಣ್ಣ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಹಚ್ಚುತ್ತಿದ್ದ. ನೆಲ ಸುಡುತ್ತದೆ, ಹಚ್ಚಬೇಡ ಎಂದು ನಿರುಪಾದಿ ತಾನೂ ಹೇಳಿದ, ಊರ ಹಿರಿಯರಿಂದಲೂ ಹೇಳಿಸಿದ, ಕಡೆಗೆ ಅತ್ತಿಗೆಯ ತವರಿನವರಿಂದಲೂ ಹೇಳಿಸಿದ. ಹೇಳಿಸಿದಷ್ಟೂ ಅಣ್ಣನ ಹಠ ಬಲಿಯಿತು. ಈಗ ಅಣ್ಣತಮ್ಮಂದಿರ ನಡುವೆ ಮಾತೇ ಇರಲಿಲ್ಲ.

ಗುರುಗಳು ಸರಿ ತಪ್ಪು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಹಟ್ಟಿ ತುಂಬ ದನ, ದನಗಳಿಗೆಂದೇ ಬಿಟ್ಟ ಒಂದು ಹುಲ್ಲಿನ ಹೊಲ. ಮಳೆಗಾಲ ಮುಗಿದ ಮೇಲೆ ಹುಲ್ಲು ಕೊಯ್ದು ಬಣವೆ ಒಟ್ಟಿದರೆ ಬೇಸಿಗೆ ದಾಟುತ್ತಿತ್ತು. ಕೊಯ್ಯುವ ಕ್ರಮ ಅವನ ಅಪ್ಪನ ಕಾಲದ್ದು. ಬದುವಿನ ಹುಲ್ಲಿಗೆ ಊರ ದನ ಬಾಯಿ ಹಾಕುತ್ತವೆ ಎಂದು ನಾಲ್ಕೂ ಬದುಗಳಿಂದ ಶುರು ಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು. ಕೊನೆಗೆ ನಡುವೆ ಒಂದು ಅಂಗಳದಷ್ಟು ಹುಲ್ಲು ಉಳಿಯುತ್ತಿತ್ತು. ಅದನ್ನು ಕೊಯ್ಯುವಾಗ ಪ್ರತಿ ವರ್ಷವೂ ಗೌಜುಗ ಹಕ್ಕಿಯ ಮರಿಗಳು ಕುಡುಗೋಲಿಗೆ ಸಿಕ್ಕಿ ಸಾಯುತ್ತಿದ್ದವು. ರೈತ ಯಾರಿಗೂ ಹೇಳದೆ ಬದುವಿನಲ್ಲಿ ಗುಂಡಿ ತೋಡಿ ಅವನ್ನು ಮುಚ್ಚುತ್ತಿದ್ದ. ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ವರ್ಷ ಹಕ್ಕಿಗಳನ್ನು ಉಳಿಸುವ ಸಂಘದವರು ಬಂದರು. ಮರಿಗಳಿಗೆ ರೆಕ್ಕೆ ಬಲಿಯುವವರೆಗೆ ಕೊಯ್ಯಬೇಡ ಎಂದರು. ಅಷ್ಟು ದಿನ ಬಿಟ್ಟರೆ ಹುಲ್ಲು ಕಡ್ಡಿಯಾಗುತ್ತದೆ, ದನ ಮೂಸಿಯೂ ನೋಡುವುದಿಲ್ಲ. ರೈತ ಆಗದು ಎಂದ. ಅವರು ಪಂಚಾಯಿತಿಗೆ ಹೇಳಿದರು, ಅಕ್ಕಪಕ್ಕದ ಹೊಲದವರಿಗೆ ಹೇಳಿದರು, ದಾರಿಯಲ್ಲಿ ಮರಿಗಳನ್ನು ಉಳಿಸಿ ಎಂದು ಬರೆದ ಹಲಗೆಯನ್ನೂ ನೆಟ್ಟರು. ಮರಿಗಳನ್ನು ಹೂಳುವಾಗ ಕಣ್ಣೊರೆಸಿಕೊಳ್ಳುತ್ತಿದ್ದವನು ಊರ ಬಾಯಲ್ಲಿ ಮರಿ ಕೊಲ್ಲುವವನಾದ. ಅವನಿಗೆ ಮೈಯೆಲ್ಲ ಉರಿಯಿತು. ಒಂದೇ ದಿನದಲ್ಲಿ ಕೊಯ್ದು ಮುಗಿಸಿಬಿಡುತ್ತೇನೆ ಎಂದು ದುಪ್ಪಟ್ಟು ಆಳುಗಳಿಗೆ ಹೇಳಿಕಳಿಸಿದ.

ಮರುದಿನ ಬೆಳಿಗ್ಗೆ ಆಳುಗಳಿಗಿಂತ ಮುಂಚೆ ಸಂಘದ ಒಬ್ಬ ಹೆಂಗಸು ಬಂದಳು. ಒಬ್ಬಳೇ ಬಂದಿದ್ದಳು.

"ಮತ್ತ ಬುದ್ಧಿ ಹೇಳಾಕ ಬಂದೀರೇನ್ರೀ?" ಎಂದ ರೈತ, ಕುಡುಗೋಲು ಮಸೆಯುತ್ತ. "ಹುಲ್ಲು ಬಿಟ್ರ ನನ್ನ ದನ ಏನು ತಿನ್ನಬೇಕು? ನಿಮ್ಮ ಹಲಗೀನ?"

"ಹೇಳಾಕ ಅಲ್ಲಣ್ಣ, ಕೇಳಾಕ ಬಂದೀನಿ. ನೀವು ಕೊಯ್ಯೂವಾಗ ಮರಿ ಯಾ ಕಡೆ ಓಡ್ತಾವು?"

"ಹುಲ್ಲು ನಿಂತ ಕಡೆ. ಒಳಗ." ಹೀಗೆಂದವನ ಕೈ ನಿಂತಿತು. "ಹೊರಗ ಹ್ಯಾಂಗ ಓಡ್ಯಾವು? ಸುತ್ತ ನಾವ ಇರ್ತೀವಲ್ಲ," ಎಂದ ಮೆಲ್ಲಗೆ.

ಅಷ್ಟರಲ್ಲಿ ಆಳುಗಳು ಬಂದರು. ರೈತ ಆಳುಗಳನ್ನು ಹೊಲದ ನಡುವಿಗೆ ಕರೆದೊಯ್ದು, ಇಲ್ಲಿಂದ ಹೊರಕ್ಕೆ ಕೊಯ್ಯಿರಿ ಎಂದ. ಅವರು ನಕ್ಕರು, ಆದರೂ ಕೊಯ್ದರು. ಬದುವಿನ ಹುಲ್ಲು ಈಗ ಕೊನೆಯವರೆಗೆ ನಿಲ್ಲಬೇಕಲ್ಲ, ಅದನ್ನು ಕಾಯಲು ಸಂಘದವರೇ ಊರ ಕಡೆಯ ಬದುವಿನಲ್ಲಿ ಕೋಲು ಹಿಡಿದು ನಿಂತರು. ದನ ಹೊಡೆದು ರೂಢಿಯಿಲ್ಲದ ಅವರ ಪಾಡು ನೋಡಿ ರೈತನಿಗೂ ನಗು ಬಂತು. ಪಕ್ಕದ ತೊಗರಿ ಹೊಲದ ಕಡೆಯ ಬದುವನ್ನು ಮಾತ್ರ ಮರಿಗಳಿಗೆ ದಾರಿಯೆಂದು ಬಿಟ್ಟರು, ಅಲ್ಲಿ ಯಾರೂ ನಿಲ್ಲಲಿಲ್ಲ.

ಇಳಿಹೊತ್ತಿನಲ್ಲಿ ತಾಯಿ ಗೌಜುಗ ಮುಂದೆ, ಮರಿಗಳು ಹಿಂದೆ, ಆ ಬದು ದಾಟಿ ತೊಗರಿಯೊಳಗೆ ಹೊಕ್ಕವು. ಹುಲ್ಲೂ ಹದದಲ್ಲೇ ಕೈಗೆ ಬಂತು. ರೈತ ರೂಢಿಯಂತೆ ಸಲಿಕೆ ಹಿಡಿದು ಬದುವಿಗೆ ಹೋದ. ಹೂಳುವುದಕ್ಕೆ ಏನೂ ಇರಲಿಲ್ಲ. ಅಲ್ಲೇ ಕುಳಿತು ನಿಟ್ಟುಸಿರು ಬಿಟ್ಟ. ಎಷ್ಟೋ ವರ್ಷಗಳ ಭಾರ ಎದೆಯಿಂದ ಇಳಿದಿತ್ತು. ಆ ದಿನ ಅವನು ಹೊಟ್ಟೆ ತುಂಬ ಉಂಡ.

ಕತೆ ಕೇಳಿ ನಿರುಪಾದಿಯ ಮುಖ ಅರಳಿತು. "ಎಷ್ಟು ಸುಲಭದ ಉಪಾಯ, ಅಜ್ಜಾರೇ. ಈ ಕತೆಯನ್ನೂ ಹಿರಿಯರಿಂದ ಅಣ್ಣನಿಗೆ ಹೇಳಿಸುತ್ತೇನೆ," ಎಂದು ಎದ್ದುನಿಂತ.

ಗುರುಗಳು ಕೇಳಿದರು: "ಅಣ್ಣನ ಸುತ್ತ ಎಲ್ಲರನ್ನೂ ನಿಲ್ಲಿಸಿದ್ದೀ. ಅವನು ಹೊರಗೆ ಬರುವುದಕ್ಕೆ ನೀನು ಯಾವ ಬದು ಬಿಟ್ಟಿದ್ದೀ, ತಮ್ಮಾ?"

ನಿರುಪಾದಿ ಮೆಲ್ಲಗೆ ಕುಳಿತುಕೊಂಡ.