ಬಾಗಿಲಲ್ಲಿ ಆಡಿದ ಮಾತು

"ಅಯ್ಯನವರೇ, ಈ ಎರಡರಲ್ಲಿ ಯಾವ ಬೈಬಲನ್ನು ತೆಗೆದುಕೊಂಡು ಹೋಗಲಿ?" ಎಂದು ಜೀವರತ್ನ ತನ್ನ ಗುರುಗಳನ್ನು ಕೇಳಿದ.

ಅವನು ಸಭಾಸೇವೆಯ ಓದು ಮುಗಿಸಿ, ಬೆಟ್ಟದ ಮೇಲಿನ ಒಂದು ಶಾಲೆಗೆ ಉಪದೇಶಿಯಾಗಿ ಹೊರಟಿದ್ದ. ಅಲ್ಲಿಯ ಮಕ್ಕಳ ಮನೆಮಾತು ಹತ್ತು ಬಗೆ. ಎಲ್ಲರಿಗೂ ತಿಳಿಯುವುದು ಇಂಗ್ಲಿಷು ಒಂದೇ. ಅವನ ಕೈಯಲ್ಲಿ ಇಂಗ್ಲಿಷಿನ ಎರಡು ಹೊಸ ಅನುವಾದಗಳಿದ್ದವು.

"ಇದು ಸರಾಗವಾಗಿ ಓದಿಸಿಕೊಳ್ಳುತ್ತದೆ. ಇನ್ನೊಂದು ಮೂಲದ ಪದಕ್ಕೆ ಪದ ಇಡುತ್ತದೆ. ಆದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಅಲ್ಲಲ್ಲಿ ಹಲ್ಲಿಗೆ ತಾಗುತ್ತದೆ. ನಾನು ತಪ್ಪು ಪುಸ್ತಕ ಹಿಡಿದು ಹೋದರೆ, ಆ ಮಕ್ಕಳು ಜೀವಮಾನವೆಲ್ಲ ಅದನ್ನೇ ದೇವರ ಮಾತೆಂದು ನಂಬಿರುತ್ತಾರೆ. ನನಗೆ ಭಯವಾಗಿದೆ."

ಅಯ್ಯನವರು ಎರಡು ಪುಸ್ತಕಗಳನ್ನೂ ಇಸಿದುಕೊಂಡು, ತೆರೆಯದೆ ತೊಡೆಯ ಮೇಲಿಟ್ಟುಕೊಂಡರು. "ಭಯವಾದದ್ದು ಒಳ್ಳೆಯದೇ. ಅದಿಲ್ಲದೆ ಉಪದೇಶಕ್ಕೆ ಹೊರಟವರನ್ನು ಬೇಕಾದಷ್ಟು ನೋಡಿದ್ದೇನೆ. ಕೂತುಕೋ," ಎಂದು ಹೇಳತೊಡಗಿದರು.

ನಮ್ಮ ಕಡೆಯ ಒಬ್ಬ ಮೆಣಸಿನ ವರ್ತಕ ಕಡಲಾಚೆಯ ಒಂದು ದ್ವೀಪಕ್ಕೆ ಹೋದ. ಅಲ್ಲಿ ಬೆಳಗೆಂದರೆ ಮಂಜು. ಮಂಜಿನಲ್ಲಿ ಮನೆಗಳು ಕಾಣುವುದಿಲ್ಲ, ಒಳಗಿನ ಮಗ್ಗಗಳ ಸದ್ದು ಮಾತ್ರ ಕೇಳುತ್ತದೆ. ಇಳಿದ ಮೂರನೆಯ ದಿನ ಅವನಿಗೆ ಜ್ವರ ಬಂತು. ಜೊತೆಯವರು ಅವನನ್ನು ಒಬ್ಬ ನೇಕಾರ ಹೆಣ್ಣಿನ ಜಗಲಿಯ ಮೇಲೆ ಮಲಗಿಸಿ ಮುಂದಿನ ಊರಿಗೆ ನಡೆದರು. ಬದುಕುತ್ತಾನೆಂದು ಯಾರೂ ತಿಳಿದಿರಲಿಲ್ಲ.

ಅವಳು ಗಂಜಿ ಕುಡಿಸಿದಳು. ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಅವಳ ಮಾತು ಅವನಿಗೆ ಬಾರದು, ಅವನ ಮಾತು ಅವಳಿಗೆ ಬಾರದು. ಮೂರು ತಿಂಗಳು ಇಬ್ಬರೂ ಕೈಸನ್ನೆಯಲ್ಲಿ ಬದುಕಿದರು. ಆ ಮೂರು ತಿಂಗಳಲ್ಲಿ ಅವಳಿಗೆ ಅವನ ಮೇಲೆ ಮನಸ್ಸಾಯಿತು. ಅವನಿಗೂ ಆಯಿತು. ಆದರೆ ವರ್ತಕರ ಮನಸ್ಸು ನಿನಗೆ ಗೊತ್ತಲ್ಲ, ಗಾಳಿ ತಿರುಗಿದೊಡನೆ ಹಡಗು ನೆನಪಾಗುತ್ತದೆ.

ಜೊತೆಯವರು ಬಂದು ಕರೆದರು. ಅವನು ಎದ್ದ. ಬಾಗಿಲಲ್ಲಿ ನಿಂತು ಅವಳ ಮುಖ ನೋಡಿ "ಹೋಗಿ ಬರುತ್ತೇನೆ" ಎಂದ. ಬರಬೇಕೆಂದು ಅವನೇನೂ ಅಂದುಕೊಂಡಿರಲಿಲ್ಲ. ನಮ್ಮಲ್ಲಿ ಯಾರಾದರೂ "ಹೋಗುತ್ತೇನೆ" ಎಂದು ಹೊರಡುತ್ತಾರೆಯೇ? ಅಪಶಕುನ. ಇನ್ನು ಸತ್ತರೂ ಇವರ ಹೊಸ್ತಿಲು ತುಳಿಯುವುದಿಲ್ಲ ಎಂದು ಜಗಳವಾಡಿ ಏಳುವಾಗಲೂ ನಾವು ಹೋಗಿ ಬರುತ್ತೇವೆ ಎಂದೇ ಹೇಳುತ್ತೇವೆ.

ಅವಳಿಗೆ ಅರ್ಥವಾಗಲಿಲ್ಲ. ಆದರೆ ಆ ಸದ್ದನ್ನು ಅವಳು ಒಂದಕ್ಷರ ಬಿಡದೆ ಮನಸ್ಸಿನಲ್ಲಿ ಇಟ್ಟುಕೊಂಡಳು. ಲಾಳಿ ಆಡಿಸುತ್ತ ಅದನ್ನೇ ಹೇಳಿಕೊಂಡಳು. ಅಷ್ಟರಲ್ಲಿ ಅವಳ ಅಣ್ಣ ಅವಳಿಗೊಂದು ಗಂಡು ಗೊತ್ತು ಮಾಡಿ, ಒಂದು ವಾರದಲ್ಲಿ ಉತ್ತರ ಹೇಳು ಎಂದ.

ಬಂದರಿನಲ್ಲಿ ಇಬ್ಬರು ದುಭಾಷಿಗಳಿದ್ದರು. ಒಬ್ಬ ಎರಡೂ ಭಾಷೆ ಅರೆದು ಕುಡಿದವನು. ಅವಳು ಆ ಮಾತನ್ನು ಅವನ ಮುಂದೆ ಹೇಳಿದಳು. ಅವನು ಒಂದು ಗಳಿಗೆಯೂ ಯೋಚಿಸದೆ, "ಹೊರಟೆ ಎಂದಿದ್ದಾನಮ್ಮ. ಅಷ್ಟೇ," ಎಂದ. ಅವನು ಸುಳ್ಳು ಹೇಳಲಿಲ್ಲ ಜೀವರತ್ನ. ವರ್ತಕನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ. ಅವಳು ಅಲ್ಲಿಯೇ ಅತ್ತಳು.

ಇನ್ನೊಬ್ಬ ಅರೆಬರೆ ಕಲಿತವನು. ಪದಪದಕ್ಕೂ ತಡವರಿಸುವವನು. ಅವನು ಬೆರಳು ಮಡಿಸುತ್ತ, "ಹೋಗಿ... ಬರುತ್ತೇನೆ," ಎಂದು ಅವಳ ಭಾಷೆಯಲ್ಲಿ ಇಟ್ಟ.

"ಹಾಗಾದರೆ ಬರುತ್ತಾನೆಯೇ?"

"ಅದು ನನಗೆ ತಿಳಿಯದು ತಾಯಿ. ಬರುತ್ತೇನೆ ಎಂದಿದ್ದಾನೆ."

ಅವಳು ಕಣ್ಣೊರಸಿಕೊಂಡು ಮನೆಗೆ ಬಂದು ಅಣ್ಣನಿಗೆ ಒಲ್ಲೆ ಎಂದಳು. ಮರುವರ್ಷವೂ ಒಲ್ಲೆ ಎಂದಳು. ಏಕೆ ಎಂದು ಕೇಳಿದವರಿಗೆಲ್ಲ ಆ ಮಾತನ್ನೇ ಹೇಳಿದಳು. ಕೊನೆಗೆ ಊರಿನ ಮಕ್ಕಳು ಅವಳನ್ನು ಆ ಹೆಸರಿನಿಂದಲೇ ಕೂಗಲು ಶುರುಮಾಡಿದರು.

ಏಳು ವರ್ಷ ಕಳೆಯಿತು. ಆ ದ್ವೀಪದ ಒಬ್ಬ ನಾವಿಕ ನಮ್ಮ ಕಡೆಗೆ ಬಂದು, ಅದೇ ವರ್ತಕನ ಅಂಗಡಿಯಲ್ಲಿ ಕೂತು ಅದೂ ಇದೂ ಹರಟುತ್ತಿದ್ದ. ಹಡಗಿನಲ್ಲಿ ಬಂದು ಹೋಗುತ್ತ ಅವನು ನಮ್ಮ ಮಾತನ್ನು ಸ್ವಲ್ಪ ಕಲಿತಿದ್ದ.

"ನಮ್ಮೂರಲ್ಲಿ ಒಬ್ಬ ನೇಕಾರ ಹೆಣ್ಣಿದ್ದಾಳೆ ಸ್ವಾಮಿ. ಮಕ್ಕಳು ಅವಳನ್ನು ಹೋಗಿಬರುತ್ತೇನೆ ಎಂದು ಕರೆಯುತ್ತಾರೆ. ಯಾರೋ ಹಾಗೆ ಹೇಳಿ ಹೋದನಂತೆ, ಮದುವೆಯೂ ಆಗದೆ ಕಾಯುತ್ತಿದ್ದಾಳೆ. ನಿಮ್ಮಲ್ಲಿ ಈ ಮಾತಿಗೆ ಏನರ್ಥ?"

ವರ್ತಕ ನಕ್ಕುಬಿಟ್ಟ. ಅದಕ್ಕೇನಪ್ಪ ಅರ್ಥ, ಎದ್ದು ಹೊರಡುವಾಗ ಆಡುವುದು ಎಂದು ಹೇಳಲು ಬಾಯಿ ತೆರೆದ. ಹುಟ್ಟಿದಾಗಿನಿಂದ ದಿನಕ್ಕೆ ನಾಲ್ಕು ಬಾರಿ ಆಡಿದ್ದ ಮಾತು, ಅಂದು ಮೊದಲ ಬಾರಿ ಅವನ ಕಿವಿಗೆ ಬಿತ್ತು. ಅವನಿಗೆ ನಾಚಿಕೆಯಾಯಿತು. "ಹೌದು, ನಾನೇ ಹಾಗೆಂದೆ," ಎಂದ.

ಅದೇ ವಾರ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹೊರಟ. ಬೀದಿಯವರು ಬಾಗಿಲಿಗೆ ಬಂದು ನಿಂತರು. ಅವರಿಗೆ ಏನೆಂದು ಹೇಳಿ ಹೊರಡಬೇಕೆಂದು ಅವನಿಗೆ ತಿಳಿಯಲಿಲ್ಲ. ಸುಮ್ಮನೆ ಕೈಮುಗಿದ.

ದ್ವೀಪದಲ್ಲಿ ಮಂಜು ಹಾಗೆಯೇ ಇತ್ತು. ಅವನು ಮಗ್ಗದ ಸದ್ದು ಹಿಡಿದು ನಡೆದ. ಹತ್ತಾರು ಮಗ್ಗಗಳಲ್ಲಿ ಒಂದರ ಸದ್ದು ನಿಂತಿತು. ಅವನು ಆ ಬಾಗಿಲಲ್ಲಿ ನಿಂತು "ಬಂದೆ" ಎಂದ. ಆ ಮಾತು ಅವಳಿಗೆ ಬಾರದು. ಆದರೆ ದುಭಾಷಿಯನ್ನು ಯಾರೂ ಕರೆಯಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿ, ಪದಕ್ಕೆ ಪದ ಇಟ್ಟ ಪುಸ್ತಕವನ್ನು ಜೀವರತ್ನನ ಕೈಗೆ ಕೊಟ್ಟರು.

ಅವನು ಅದನ್ನು ಹಿಡಿದುಕೊಂಡ. ಆದರೆ ಮನಸ್ಸು ಒಪ್ಪಲಿಲ್ಲ. "ಅವನೇನೋ ಬಂದ, ಅಯ್ಯನವರೇ. ಬಾರದೆ ಇದ್ದಿದ್ದರೆ? ಆ ಎರಡನೆಯ ದುಭಾಷಿಯ ಮಾತು ನಂಬಿ ಅವಳ ಬಾಳು ಹಾಳಾಗುತ್ತಿರಲಿಲ್ಲವೇ?"

ಅಯ್ಯನವರು ಅವನನ್ನೇ ನೋಡುತ್ತ ಕೇಳಿದರು: "ತಿರುಗಿ ಬರುತ್ತೇನೆಂದು ಹೇಳಿ ಹೋದ ಯೇಸುಸ್ವಾಮಿ ಇನ್ನೂ ಬಂದಿಲ್ಲವಲ್ಲಪ್ಪ, ನಿನ್ನ ಬಾಳು ಹಾಳಾಯಿತೇ?"