ಕಾಲುಮಣೆಯ ಪಟ್ಟಾಭಿಷೇಕ

ಬಹಳ ಹಿಂದೆ ಪರ್ಷಿಯಾದ ಒಂದು ಅರಮನೆಯಲ್ಲಿ ಹೀಗೊಂದು ಕಟ್ಟಳೆಯಿತ್ತು: ಪಾದ ನೆಲಕ್ಕೆ ತಾಗಿದರೆ ಅವನು ರಾಜನಲ್ಲ. ಹಾಗಾಗಿ ರಾಜನಿಗೆ ಓಡಾಡಲು ಪಲ್ಲಕ್ಕಿ, ಕೂರಲು ಸಿಂಹಾಸನ, ಕಾಲಿಡಲು ಒಂದು ಕಾಲುಮಣೆ. ಹುಟ್ಟಿದಾಗಿನಿಂದ ಬರೀ ಹಿಮ್ಮಡಿಗಳನ್ನೇ ಕಂಡಿದ್ದ ಕಾಲುಮಣೆಗೆ ಒಂದು ದಿನವಾದರೂ ಸಿಂಹಾಸನ ಅನ್ನಿಸಿಕೊಳ್ಳುವ ಆಸೆ.

ಮುದಿರಾಜ ಸತ್ತ ದಿನ ಹಿರಿಯ ಮಗ ಬರ್ಜಿನ್ ಓಡಿಬಂದು ಸಿಂಹಾಸನ ಹತ್ತಿ ಕೂತ. ಕಿರಿಯವನಾದ ಮೆಹ್ರಾನ್ ಕಾಲುಮಣೆಯನ್ನು ಆಚೆಗೆಳೆದು ಅದರ ಮೇಲೆ ನಿಂತ. "ರಾಜಪಾದ ಇರುವಲ್ಲೇ ಸಿಂಹಾಸನ," ಅಂದ.

"ಕೇಳಿದೆಯಾ ಅಣ್ಣ?" ಎಂದು ಕಾಲುಮಣೆ ಬೀಗಿತು.

"ಕೇಳಿದೆ. ಇನ್ನು ಅವನು ಇಳಿಯುವುದು ಹೇಗೆ ನೋಡೋಣ," ಎಂದಿತು ಸಿಂಹಾಸನ.

ಇಳಿದವನು ಸೋತಂತೆ, ಹಾಗಾಗಿ ಇಬ್ಬರೂ ಇಳಿಯಲಿಲ್ಲ. ರಾಜ ಯಾರೆಂದು ಗೊತ್ತಾದ ಮೇಲೆ ಕರೆಯಿರಿ ಎಂದು ಪಲ್ಲಕ್ಕಿಯವರು ಮನೆಗೆ ಹೋದರು. ಯಾರಿಗೆ ಮೊದಲು ಬಡಿಸುವುದೆಂದು ತಿಳಿಯದೆ ಅಡುಗೆಯವನು ಹರಿವಾಣವನ್ನು ಇಬ್ಬರ ನಡುವೆ ನೆಲದ ಮೇಲಿಟ್ಟ. ಬೆಕ್ಕು ನಿಧಾನವಾಗಿ ನಡೆದು ಬಂದು ಉಂಡಿತು.

ಸಂಜೆಗೆ ಬರ್ಜಿನನ ನೇತಾಡುವ ಕಾಲುಗಳಿಗೆ ಜೋಮು ಹಿಡಿಯಿತು. ಮೆಹ್ರಾನನ ಭಾರಕ್ಕೆ ಕಾಲುಮಣೆ ಲಟಲಟ ಅನ್ನತೊಡಗಿತು. ಮುರಿದರೆ ಒಲೆಯೇ ಗತಿ.

"ಅಣ್ಣ, ನಿನ್ನೆಯವರೆಗೆ ಒಬ್ಬನ ಭಾರವನ್ನು ಇಬ್ಬರೂ ಹೊರುತ್ತಿದ್ದೆವು. ಹಗುರಾಗಿತ್ತು," ಎಂದಿತು ಕಾಲುಮಣೆ.

"ನಿಜ ತಮ್ಮ. ಹಾಗಾದರೆ ನನ್ನ ಮುಂದಕ್ಕೆ ವಾಪಸ್ ಬಾ."

ಕಾಲುಮಣೆ ಒಂದು ಗಳಿಗೆ ಯೋಚಿಸಿತು. "ಈ ಸಿಂಹಾಸನದ ಹತ್ತಿರಕ್ಕೆ ನೀನೇ ಬಾರಣ್ಣ," ಎಂದಿತು. ಅಷ್ಟರಲ್ಲಿ ಅದು ಮುರಿಯಿತು, ಮೆಹ್ರಾನನ ಪಾದ ನೆಲಕ್ಕೆ ತಾಗಿತು.

ಹೊಸ ರಾಜನ ಪಟ್ಟದ ಅಡುಗೆ ಅದೇ ಕಾಲುಮಣೆಯ ಉರಿಯಲ್ಲಿ ಬೆಂದಿತು. ಬರ್ಜಿನನ ಕಾಲುಗಳು ಮಾತ್ರ ಇನ್ನೂ ನೇತಾಡುತ್ತಲೇ ಇದ್ದವು.